ಹೆಂಗಸರ ಕಾಲಂನಲ್ಲಿ ಸೊನ್ನೆ

ನವೆಂಬರ್ 4, ಮಂಗಳವಾರ

ಇವತ್ತೂ ತುಮಕೂರು ಬಸ್ ಸ್ಟ್ಯಾಂಡ್. ಟ್ಯಾಬ್ ಹಿಡಿದು ನಿಂತರೆ ಚಂದಾ ಕೇಳೋಕೆ ಬಂದವಳು ಅಂದುಕೊಂಡು ಜನ ಪಕ್ಕಕ್ಕೆ ಸರೀತಾರೆ. ಸರ್ವೆ ಕೆಲಸಕ್ಕೆ ಸೇರಿ ತಿಂಗಳಾಗ್ತಾ ಬಂತು, ಇನ್ನೂ ಮುಜುಗರ ಹೋಗಿಲ್ಲ. ಪ್ರಶ್ನೆ ಸುಲಭ. ಬೀಡಿ ಸಿಗರೇಟ್ ಸೇದ್ತೀರಾ, ಎಲ್ಲಿ ಸೇದ್ತೀರಾ, ನಿಷೇಧದ ಬೋರ್ಡ್ ನೋಡಿದೀರಾ. ತುಮಕೂರು, ಗುಬ್ಬಿ, ಕುಣಿಗಲ್ — ಎಲ್ಲಿ ಜಾಸ್ತಿ, ಎಲ್ಲಿ ಕಮ್ಮಿ, ನಿಷೇಧ ಎಲ್ಲಿ ನಡೀತಿದೆ, ಹೋಲಿಸಬೇಕಂತೆ.

ಸ್ಟ್ಯಾಂಡ್ ಒಳಗೆ ಯಾರೂ ಸೇದಲ್ಲ. ದಂಡದ ಭಯ. ಗೇಟಿಂದ ಆಚೆ ಬಂದು, ಬೋರ್ಡಿಗೆ ಬೆನ್ನು ತಿರುಗಿಸಿ ಹಚ್ಚುತ್ತಾರೆ. ಅಂತರಸನಹಳ್ಳಿ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದಿದ್ದ ಒಬ್ಬರನ್ನ ಕೇಳಿದೆ, ಇದೂ ಸಾರ್ವಜನಿಕ ಜಾಗ ಅಲ್ವಾ ಸಾರ್? "ಇದು ರೋಡು ಕಣಮ್ಮ" ಅಂದರು. ರೋಡು ಯಾರದು ಹಾಗಾದರೆ... ಕೇಳೋಷ್ಟರಲ್ಲಿ ಬಸ್ ಬಂತು, ಹತ್ತಿ ಹೋದರು.

ನವೆಂಬರ್ 6

ಗುಬ್ಬಿ. ಟೀ ಅಂಗಡಿ ಗೋಡೆ ಮೇಲೆ 'ಧೂಮಪಾನ ನಿಷೇಧಿಸಲಾಗಿದೆ'. ಅದೇ ಮೊಳೆಗೆ ತೆಂಗಿನ ನಾರಿನ ಹಗ್ಗ ನೇತು ಹಾಕಿದಾರೆ. ತುದೀಲಿ ಕೆಂಡ, ಬೀಡಿ ಹಚ್ಚಿಕೊಳ್ಳೋಕೆ. ಅಂಗಡಿ ಮಹಾಲಿಂಗಯ್ಯನವರನ್ನ ಕೇಳಿದೆ, ಇದೇನು ಅಂತ.

"ಬೋರ್ಡು ಪಂಚಾಯ್ತಿಯವ್ರು ಕೊಟ್ರು, ಹಾಕ್ದೆ. ಹಗ್ಗ ಗಿರಾಕಿ ಕೇಳ್ತಾರೆ, ಹಾಕ್ದೆ. ಮೊಳೆ ಒಂದೇ ಇತ್ತು."

ಯಾವ ಕಾಲಂಗೆ ಹಾಕೋದೋ ಗೊತ್ತಾಗಲಿಲ್ಲ. ನಗು ತಡೆಯೋಕೆ ಇನ್ನೊಂದು ಟೀ ಕುಡಿದೆ.

ನವೆಂಬರ್ 8, ಶನಿವಾರ

ರಜೆ ಹಾಕಿ ಅಮ್ಮನ ಜೊತೆ ಆಸ್ಪತ್ರೆ. ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ 19ಕ್ಕೆ ಅಂತ ನಿಗದಿ ಆಯ್ತು. ಮೋಹನ ಆವತ್ತು ಫ್ಯಾಕ್ಟರಿಗೆ ರಜೆ ಹಾಕಿ ಹೆಬ್ಬೂರಿಂದ ಅಮ್ಮನನ್ನ ಕರಕೊಂಡು ಬರ್ತಾನೆ. ತಮ್ಮ ಅಂತ ಇರೋದು ಇಂಥ ಹೊತ್ತಿಗೆ ಒಳ್ಳೇದು.

ಅರಿವಳಿಕೆ ಡಾಕ್ಟರ್ ತ್ರಿವೇಣಿ ಕೇಳಿದರು, "ಬೀಡಿ, ಸಿಗರೇಟ್, ಹೊಗೆಸೊಪ್ಪು ಏನಾದ್ರೂ?"

ದಿನಾ ನಾನು ಕೇಳೋ ಪ್ರಶ್ನೆ. ನಗು ಬಂತು. "ನಮ್ಮಮ್ಮನಿಗಾ? ಇಲ್ಲ ಮೇಡಂ."

"ಮತ್ತೆ ಈ ಕೆಮ್ಮು?"

"ಬಚ್ಚಲ ಒಲೆ ಹೊಗೆ ಮೇಡಂ." ಮನೇಲಿ ಗೀಸರ್ ಇದೆ. ಅಮ್ಮನಿಗೆ ಹಂಡೆ ನೀರೇ ಆಗಬೇಕು. ಎರಡು ಹೊತ್ತೂ ಅದರ ಮುಂದೆ ಕೂತಿರ್ತಾಳೆ.

"ಸೇದೋರಾದ್ರೆ ಮೊದ್ಲೇ ಹೇಳ್ಬೇಕು. ಮುಚ್ಚಿಟ್ರೆ ಟೇಬಲ್ ಮೇಲೆ ಉಸಿರಾಟಕ್ಕೆ ತೊಂದರೆ ಆಗ್ಬಹುದು. ಅದಕ್ಕೇ ಎಲ್ಲರನ್ನೂ ಕೇಳ್ತೀವಿ."

ಅಮ್ಮ ಬಾಯೇ ಬಿಡಲಿಲ್ಲ. ಆಸ್ಪತ್ರೆ ಅಂದರೆ ಅವಳಿಗೆ ಯಾವಾಗಲೂ ಹೀಗೇ.

ನವೆಂಬರ್ 11

ಕುಣಿಗಲ್. ಒಂದು ವಿಷಯ ಕಂಡುಹಿಡಿದೆ! ಬೇಕರಿ ಮುಂದೆ ಒಬ್ಬ ಆರಾಮಾಗಿ ಸಿಗರೇಟ್ ಸೇದ್ತಾ ನನ್ನ ಹತ್ತಿರ ಮಾತಾಡ್ತಿದ್ದ. ಪೊಲೀಸ್ ಜೀಪ್ ಹೋಯ್ತು, ಅಲ್ಲಾಡಲಿಲ್ಲ. ಬಸ್ಸಿಂದ ಒಬ್ಬರು ಮುದುಕರು ಇಳಿದರು, ಸಿಗರೇಟ್ ಚರಂಡಿಗೆ. "ನಮ್ ಮಾವ ಮೇಡಂ." ಕಾನೂನು ಬೋರ್ಡ್ ಹತ್ತಿರ ನಡೆಯುತ್ತೋ ಇಲ್ಲವೋ, ಮಾವ ಇದ್ದ ಕಡೆ ನಡೆಯುತ್ತೆ. ರಿಪೋರ್ಟಲ್ಲಿ ಇದನ್ನ ಬರೆಯೋಕೆ ಜಾಗ ಇಲ್ಲ.

ಇನ್ನೊಂದು. ಮೂರೂ ಕಡೆ ಮನೆ ಮನೆಗೂ ಹೋಗಿ ಕೇಳಿದೀನಿ, ಹೆಂಗಸರ ಕಾಲಂನಲ್ಲಿ ಸೊನ್ನೆ. ಒಬ್ಬಳೂ ಇಲ್ಲ. ಇಷ್ಟು ಮನೆಗಳಲ್ಲಿ ಒಬ್ಬಳೂ? ಸೂಪರ್‌ವೈಸರ್ ಅಂಜನ್‌ಕುಮಾರ್ ಅವರಿಗೆ ಫೋನ್ ಮಾಡಿದೆ. ಹೆಂಗಸರದ್ದಕ್ಕೂ ಗಂಡಸರೇ ಉತ್ತರ ಹೇಳ್ತಾರೆ ಸಾರ್ ಅಂದೆ.

"ಮನೆ ಯಜಮಾನ್ರು ಹೇಳಿದ್ರೆ ಸಾಕಮ್ಮ, ರೂಲ್ಸೇ ಹಂಗಿದೆ. ನೀವ್ಯಾಕೆ ತಲೆ ಕೆಡಿಸ್ಕೋತೀರ?"

ತಲೆ ಕೆಟ್ಟಾಗಿದೆ. ನಾಳೆಯಿಂದ ಹೆಂಗಸರನ್ನೇ ಕೇಳ್ತೀನಿ, ಏನು ಮಾಡ್ತಾರೋ ಮಾಡಲಿ.

ನವೆಂಬರ್ 13

ಗುಬ್ಬಿ ಹತ್ತಿರ ಒಂದು ಹಳ್ಳಿ. ಪುಟ್ಟಗಂಗಮ್ಮ ಅಂತ ಅಜ್ಜಿ. "ನಮ್ಮಲ್ಲಿ ಹೆಂಗಸ್ರು ಸೇದಲ್ಲ ಮೇಡಂ" ಅಂತ ಮಗ ಹೇಳಿ, ಹಾಲು ಡೈರಿಗೆ ಹಾಕೋಕೆ ಹೊರಟ. ಗಾಡಿ ಸದ್ದು ದೂರ ಆದ ಮೇಲೆ ಅಜ್ಜಿಯನ್ನೇ ಕೇಳಿದೆ.

"ಹೆಸ್ರು ಬರ್ಕತೀಯಾ?"

"ಇಲ್ಲ ಅಜ್ಜಿ."

"ಹಂಗಾರೆ ಬರ್ಕೊ. ಸೇದ್ತೀನಿ."

ಎಲ್ಲಿ ಅಂದೆ.

"ಇನ್ನೆಲ್ಲಿ, ಒಲೆ ಮುಂದೆ. ಸೌದೆ ಹೊಗೆ ಯಾವ್ದು, ಬೀಡಿ ಹೊಗೆ ಯಾವ್ದು ಅಂತ ಯಾರ್ ಕಂಡಾರು? ನನ್ ಮಗ ಗ್ಯಾಸ್ ತಂದ. ಅಡುಗೆಗೆ ಸುಖ ಆಯ್ತು, ನಂಗೆ ಜಾಗ ಇಲ್ದಂಗಾಯ್ತು ಕಣವ್ವ. ಈಗ ಬಚ್ಚಲೊಲೆ ಒಂದೇ ಗತಿ."

ಬೀಡಿ ತರೋದು ಹೇಗೆ ಅಂದರೆ, ಕೂಲಿಯವರಿಗೆ ಅಂತ ಹೇಳಿ ಅಂಗಡಿ ಮುದ್ದಯ್ಯನ ಹತ್ತಿರ ತಗೋತಾಳಂತೆ. ತೋಟಕ್ಕೆ ಕೂಲಿಯವರು ಬಂದು ಎಷ್ಟೋ ಕಾಲ ಆಯ್ತು. ಮುದ್ದಯ್ಯ ಕೇಳಲ್ಲ, ಇವಳು ಹೇಳಲ್ಲ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಕೊನೆಗೂ ಆ ಸೊನ್ನೆ ಅಳಿಸಿದೆ.

ಅದೇ ದಿನ, ವಾಪಸ್ ಬಸ್ಸಲ್ಲಿ

ಬಚ್ಚಲೊಲೆ...

ಇಲ್ಲ. ಇರಲಾರದು.

ಮೋಹನ ಗೀಸರ್ ಹಾಕಿಸಿದಾಗ ಅಮ್ಮ ವಾರ ಮುಖ ಊದಿಸಿಕೊಂಡಿದ್ದಳು. ಹಳೇ ಕಾಲದವಳು ಅಂತ ನಾವೇ ರೇಗಿಸಿದ್ವಿ. ಬಚ್ಚಲಿಗೆ ಯಾರು ಹೋದರೂ "ಹೊಗೆ ಇದೆ, ಆಮೇಲೆ ಬಾ" ಅಂತಾಳೆ.

ಡಾಕ್ಟರಿಗೆ ಇಲ್ಲ ಅಂದವಳು ನಾನು. ಅಮ್ಮ ಪಕ್ಕದಲ್ಲೇ ಕೂತಿದ್ದಳು, ಅವಳನ್ನ ನಾನು ಕೇಳಲೇ ಇಲ್ಲ. ಆ ಹಾಲಿನ ಗಾಡಿ ಮಗನಿಗೂ ನನಗೂ ಏನು ವ್ಯತ್ಯಾಸ. 19ಕ್ಕೆ ಹಾಗೇ ಟೇಬಲ್ ಮೇಲೆ ಮಲಗಿಸಿಬಿಟ್ಟರೆ? ಹೆದರಿಕೆ ಆಗ್ತಿದೆ.

ನವೆಂಬರ್ 16, ಭಾನುವಾರ. ಹೆಬ್ಬೂರು

ಎರಡು ದಿನ ಫೋನಲ್ಲಿ ಕೇಳೋಣ ಅಂತ ನೋಡಿದೆ, ಬಾಯಿ ಬರಲಿಲ್ಲ. ಬೆಳಗ್ಗೆ ಮೊದಲ ಬಸ್ಸಿಗೆ ಬಂದೆ.

ಮೋಹನ ತಿಂಡಿ ತಿನ್ನುತ್ತಾ ಗಾರೆಯವರ ಕಥೆ ಹೇಳ್ತಿದ್ದ. ಅಂಗಳದಲ್ಲಿ ಬೀಡಿ ಹಚ್ಚಿದರಂತೆ, ಕೆಲಸ ಅರ್ಧಕ್ಕೇ ಬಿಡಿಸಿ ಕಳಿಸಿದನಂತೆ. "ನಮ್ಮನೇಲಿ ಆ ವಾಸ್ನೆನೇ ಬರಕೂಡ್ದು." ಅಪ್ಪ ಹೋಗಿದ್ದು ಬೀಡಿ ಸೇದಿ ಶ್ವಾಸಕೋಶ ಕೆಟ್ಟು. ಕೊನೇ ತಿಂಗಳು ಅಪ್ಪನನ್ನ ಎತ್ತಿ ಕೂರಿಸಿ ಮಲಗಿಸಿ ಮಾಡಿದವನು ಅವನೇ. ಅವನ ಸಿಟ್ಟಿಗೆ ಕಾರಣ ಇದೆ.

ಅಮ್ಮ ಬಚ್ಚಲಲ್ಲಿ. ಪಕ್ಕದಲ್ಲಿ ಕೂತೆ.

"ಹೊಗೆ ಇದೆ, ಆಮೇಲೆ ಬಾ."

"ಊರೋರ್ನೆಲ್ಲಾ ಕೇಳ್ಕೊಂಡು ತಿರುಗ್ತೀನಿ ಅಮ್ಮ. ನಿನ್ನೇ ಕೇಳ್ಲಿಲ್ಲ."

ಒಲೆಗೆ ತೆಂಗಿನ ಮಟ್ಟೆ ತಳ್ಳಿದಳು. ಇನ್ನೊಂದು ತಳ್ಳಿದಳು. ಏನು ಕೇಳ್ತಿದೀನಿ ಅಂತ ಹೇಳೋದೇ ಬೇಕಾಗಲಿಲ್ಲ.

"ನಿಮ್ಮಪ್ಪನೇ ಕಲಿಸಿದ್ದು. ರಾಗಿ ಕಾಯಕ್ಕೆ ಹೊಲ್ದಲ್ಲಿ ಮಲಗ್ತಿದ್ವಲ್ಲ, ಚಳಿಗೆ ಒಂದೇ ಬೀಡಿ ಇಬ್ರೂ ಸೇದ್ತಿದ್ವಿ. ಅವ್ರು ಹೋದ್ಮೇಲೆ ಬುಡನಾ ಅಂದ್ಕಂಡೆ. ಆಗ್ನಿಲ್ಲ ಕಣೇ."

"ಡಾಕ್ಟ್ರಿಗೆ ಹೇಳ್ಲೇಬೇಕು."

"ಡಾಕ್ಟ್ರಿಗೆ ಹೇಳು. ಮೋಹನಂಗೆ ಬ್ಯಾಡ. ಅವನಿಗೆ ಗೊತ್ತಾಗೋದಾದ್ರೆ ನಂಗೆ ಆಪ್ರೇಸನ್ನೇ ಬ್ಯಾಡ. ಕಲ್ಲು ಇದ್ರೆ ಇರ್ಲಿ ಬುಡು."

ಅಳು ಬಂತು. ಹೊಗೆ ಅಂದುಕೊಂಡು ಅಮ್ಮ ನನ್ನ ಮುಖಕ್ಕೆ ಸೆರಗು ಬೀಸಿದಳು.

ನವೆಂಬರ್ 17, ಆಸ್ಪತ್ರೆ ಬೆಂಚು

ಡಾಕ್ಟರ್ ಮತ್ತೆ ನನ್ನ ಮುಖ ನೋಡಿಯೇ ಕೇಳಿದರು. ನಾನು ಬಾಯಿ ತೆಗೆಯೋ ಮೊದಲೇ ಅಮ್ಮ "ನನ್ನ ಕೇಳಿ ಡಾಕ್ಟ್ರೇ" ಅಂದಳು. ಎಲ್ಲಾ ಹೇಳಿದಳು, ದಿನಕ್ಕೆ ಎಷ್ಟು ಅನ್ನೋದನ್ನೂ. ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಡಾಕ್ಟರ್ ಬೈಯಲಿಲ್ಲ. ಹೇಳಿದ್ದು ಒಳ್ಳೇದಾಯ್ತು ಅಂದರು. ಮೊದಲು ಪೂರ್ತಿ ಬಿಡಬೇಕು, ಕೆಮ್ಮು ಹತೋಟಿಗೆ ಬರಬೇಕು, ಆಪರೇಷನ್ ಮುಂದಿನ ತಿಂಗಳು. ನಡುವೆ ಜ್ವರ ಬಂದರೆ, ನೋವು ಜಾಸ್ತಿಯಾದರೆ ತಕ್ಷಣ ಬರಬೇಕು.

ಮುಂದಕ್ಕೆ ಹೋಯ್ತು ಅಂತ ಮೋಹನನಿಗೆ ಮೆಸೇಜ್ ಹಾಕಿದೆ. ಯಾಕೆ ಅಂತ ಈಗ ಫೋನ್ ಮಾಡೇ ಮಾಡ್ತಾನೆ. ಶುಗರ್ ಜಾಸ್ತಿ ಅಂದುಬಿಡೋಣ ಅಂದೆ.

"ಸುಗರ್ ಅಂದ್ರೆ ಕಾಫಿಗೆ ಸಕ್ರೆ ನಿಲ್ಲಿಸ್ತಾನೆ. ಅದೂ ಹೋಯ್ತದೆ." ನಕ್ಕಳು, ಕೆಮ್ಮಿದಳು. ಸೆರಗಲ್ಲಿ ಬಾಯಿ ಒರೆಸಿಕೊಂಡಳು. "ಬುಡಬೇಕು ಅಂದ್ರೆ ಬಚ್ಚಲೊಲೆ ಮುಂದೆ ಕೂರೋದು ಬುಡಬೇಕು. ಒಬ್ಳೇ ಆಗಲ್ಲ ಕಣೇ. ಮನೇಲಿ ಯಾರಾದ್ರೂ ಹಿಡ್ಕಬೇಕು ನನ್ನ."

ಫೋನ್. ಮೋಹನ.

ಅಮ್ಮ ಕೈ ಚಾಚಿದಳು. "ತಾ ಇಲ್ಲಿ." ಕೊಟ್ಟೆ. ಅವಳ ಮುಖ ನೋಡೋಕೆ ಧೈರ್ಯ ಇಲ್ಲ, ಅದಕ್ಕೇ ತಲೆ ತಗ್ಗಿಸಿ ಇದನ್ನ ಬರೀತಾ ಕೂತಿದೀನಿ.

"ಮೋಹನಾ, ನಾನು ಕಣಪ್ಪ... ಅವ್ಳನ್ನ ಯಾಕೆ ಕೇಳ್ತೀಯ, ನನ್ನ ಕೇಳು. ನಾನು ಬೀಡಿ ಸೇದ್ತೀನಿ ಕಣೋ."

ಆ ಕಡೆಯಿಂದ ಏನೂ ಕೇಳಿಸ್ತಿಲ್ಲ. ಕಟ್ ಮಾಡಿಲ್ಲ ಅವನು. ಅಮ್ಮನೂ ಫೋನ್ ಕಿವಿಯಿಂದ ತೆಗೀತಿಲ್ಲ. ಇಬ್ಬರೂ ಹಾಗೇ —