ಅಪ್ಪನ ಮುಂಬಾಗಿಲ ಕ್ಯಾಮೆರಾ

ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ
ಅಪ್ಪ ಹೋಗಿ ಹದಿನೇಳು ದಿನ

ಅಕ್ಕನಿಗೆ,

ಕ್ಷೇಮ ಕೇಳಿ ಪತ್ರ ಶುರುಮಾಡುವ ಮುಖ ನನಗಿಲ್ಲ. ಫೋನಿನಲ್ಲೇ ಹೇಳಿಬಿಡೋಣವೆಂದು ಮೂರು ಸಲ ನಿನ್ನ ನಂಬರ್ ಒತ್ತಿದೆ, ಮೂರು ಸಲವೂ ನೀನು ಎತ್ತುವ ಮೊದಲೇ ಇಟ್ಟುಬಿಟ್ಟೆ. ದಿನಕ್ಕೆ ಎಂಬತ್ತು ಜನರ ಹತ್ತಿರ ಫೋನಿನಲ್ಲಿ ಮಾತಾಡಿ ಸಂಬಳ ತಗೊಳ್ಳುವವಳಿಗೆ ನಿನ್ನೊಬ್ಬಳ ಹತ್ತಿರ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿದ ಮೇಲೆ ಬೈಯಿ. ನಡುವೆ ಹರಿದು ಹಾಕಬೇಡ.

ಅಪ್ಪನನ್ನು ಕಳಿಸಿಕೊಟ್ಟ ದಿನ ನೀನು ಎಲ್ಲರೆದುರು ಕೇಳಿದೆ, ಒಂದು ಸಲ ಆಸ್ಪತ್ರೆಗೆ ಬಂದು ಮುಖ ತೋರಿಸಬಾರದಿತ್ತಾ ಅಂತ. ಅಪ್ಪ ಯಾವ ಆಸ್ಪತ್ರೆಯಲ್ಲಿದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ ಅಂತ ನಾನು ಅಂದೆ. ಸುಳ್ಳು ಅಕ್ಕ. ಆಸ್ಪತ್ರೆ ಗೊತ್ತಿತ್ತು. ನಾಲ್ಕನೇ ಮಹಡಿ, ಕಿಟಕಿ ಪಕ್ಕದ ಮಂಚ ಅನ್ನುವುದೂ ಗೊತ್ತಿತ್ತು. ಅಪ್ಪನೇ ಹೇಳಿದ್ದರು.

ಆಮೇಲೆ ನೀನು ಇನ್ನೊಂದು ಮಾತು ಹೇಳಿದೆ. ಕೊನೆಯ ಭಾನುವಾರವೆಲ್ಲ ಅಪ್ಪ ಫೋನನ್ನು ಎದೆಯ ಮೇಲೆ ಇಟ್ಟುಕೊಂಡೇ ಮಲಗಿದ್ದರು, ಮನೆಯ ಮುಂಬಾಗಿಲ ಕ್ಯಾಮೆರಾ ನೋಡಬೇಕು ಅಂತ ಮತ್ತೆ ಮತ್ತೆ ಒತ್ತುತ್ತಿದ್ದರು, ಗಿರಗಿರ ಸುತ್ತುವ ಚಕ್ರ ಬಿಟ್ಟು ಬೇರೇನೂ ಕಾಣಿಸಲಿಲ್ಲ ಅಂದೆ. ಆ ಇಂಟರ್ನೆಟ್ ಕಂಪನಿಯವರ ಮನೆ ಹಾಳಾಗ ಅಂತ ಶಾಪ ಹಾಕಿದೆ. ನಾನು ಪಕ್ಕದಲ್ಲೇ ನಿಂತು ಹೌದೌದು ಅಂತ ತಲೆಯಾಡಿಸಿದೆ. ನಾನು ಸಹಾಯವಾಣಿಯಲ್ಲಿ ಕೆಲಸ ಮಾಡುವುದು ನಿನಗೆ ಗೊತ್ತು, ಯಾವ ಕಂಪನಿಯದು ಅಂತ ಗೊತ್ತಿಲ್ಲ. ನಿನ್ನ ಶಾಪ ತಲುಪಬೇಕಾದವಳಿಗೇ ತಲುಪಿದೆ.

ಆ ಭಾನುವಾರಕ್ಕೂ ಹಿಂದಿನ ಮಂಗಳವಾರ ಮಧ್ಯಾಹ್ನ ಒಂದು ಕರೆ ಬಂತು. ನಾನು ನಮಸ್ಕಾರ ಅನ್ನುವ ಮೊದಲೇ ಆ ಕಡೆಯವರು ಶುರುಮಾಡಿಬಿಟ್ಟರು. ಇಪ್ಪತ್ತು ನಿಮಿಷದಿಂದ ಅದೇ ಹಾಡು ಹಾಕಿದ್ದೀರಲ್ಲಮ್ಮ, ನಾನೇನು ನಿಮ್ಮ ಹಾಡು ಕೇಳೋಕೆ ಫೋನ್ ಮಾಡಿದ್ದೀನಾ ಅಂತ. ಪರದೆಯ ಮೇಲೆ ವಿಳಾಸ ನೋಡುವ ಅಗತ್ಯವೇ ಇರಲಿಲ್ಲ. ಏಳು ವರ್ಷವಾದರೂ ಆ ಗದರಿಕೆ ಮರೆಯುತ್ತದೆಯೇ? ನಮಗೆ ಅಲ್ಲಿ ಸ್ವಂತ ಹೆಸರು ಹೇಳುವ ಪದ್ಧತಿ ಇಲ್ಲ, ಎಲ್ಲರಿಗೂ ಒಂದೊಂದು ಕೆಲಸದ ಹೆಸರು. ನನ್ನ ಕೆಲಸದ ಹೆಸರು ಹೇಳಿದೆ, ಏನು ತೊಂದರೆ ಸಾರ್ ಅಂತ ಕೇಳಿದೆ. ಹೆತ್ತ ಅಪ್ಪನನ್ನು ಸಾರ್ ಅಂದೆ.

ಮನೆಯಲ್ಲಿದ್ದಾಗ ಕ್ಯಾಮೆರಾ ಫೋನಿನಲ್ಲಿ ಚೆನ್ನಾಗಿ ಕಾಣುತ್ತಿತ್ತಂತೆ, ಆಸ್ಪತ್ರೆಗೆ ಬಂದ ಕೂಡಲೇ ಹಾಳಾಯಿತಂತೆ. ಹಾಳಾಗಿರಲಿಲ್ಲ. ಮನೆಯ ಮೂಲೆಯಲ್ಲಿ ದೀಪ ಮಿಣುಕಿಸುತ್ತಾ ಕೂತಿರುವ ಆ ರೌಟರ್ ಇದೆಯಲ್ಲ, ಅದು ಒಳಗಿಂದ ಹೊರಗೆ ಹೋಗುವುದನ್ನು ಬಿಡುತ್ತದೆ, ಹೊರಗಿಂದ ತಾನಾಗಿ ಬರುವುದನ್ನೆಲ್ಲ ತಡೆಯುತ್ತದೆ. ಕಳ್ಳಕಾಕರ ಕಾಲದಲ್ಲಿ ಅದು ಸರಿಯೇ. ಹೊರಗಿಂದ ನೋಡಬೇಕಾದರೆ, ಇಂಥ ನಂಬರಿನ ಪೋರ್ಟಿಗೆ, ಅಂದರೆ ಕಿಂಡಿಗೆ, ಬಂದವರನ್ನು ಕ್ಯಾಮೆರಾದ ರೆಕಾರ್ಡರಿಗೆ ಕಳಿಸು ಅಂತ ರೌಟರಿಗೆ ಹೇಳಿಕೊಡಬೇಕು. ಅದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಅನ್ನುತ್ತೇವೆ. ನಮ್ಮ ಕಡೆಯಿಂದಲೇ ಮಾಡಬಹುದು, ಹತ್ತು ನಿಮಿಷದ ಕೆಲಸ. ಆಸ್ಪತ್ರೆ ಯಾಕೆ ಸಾರ್ ಅಂತ ಕೇಳಿದೆ, ಅದು ನಮ್ಮ ಪ್ರಶ್ನೆಗಳಲ್ಲಿ ಇಲ್ಲದ ಪ್ರಶ್ನೆ. ಸಣ್ಣ ಆಪರೇಷನ್ ಕಣಮ್ಮ, ವಾರದಲ್ಲಿ ಮನೆಗೆ ಬಿಡ್ತಾರೆ ಅಂದರು. ಯಾವ ಆಸ್ಪತ್ರೆ, ಎಷ್ಟನೇ ಮಹಡಿ, ಅಲ್ಲಿಯ ಟೀ ಎಷ್ಟು ಕೆಟ್ಟದಾಗಿದೆ, ಎಲ್ಲ ಹೇಳಿದರು. ಸಣ್ಣ ಆಪರೇಷನ್ ಅನ್ನುವುದನ್ನು ನಂಬಿಬಿಟ್ಟೆ. ನಂಬಿದರೆ ನನಗೆ ಅನುಕೂಲವಿತ್ತು.

ದೂರು ಯಾರು ಬರೆದುಕೊಂಡರೋ ಅವರೇ ಮುಗಿಸಬೇಕು ಅನ್ನುವುದು ನಮ್ಮ ನಿಯಮ. ಹಾಗಾಗಿ ಬುಧವಾರ ನಾನೇ ಫೋನ್ ಮಾಡಿದೆ. ರೆಕಾರ್ಡರಿಗೆ ಮನೆಯೊಳಗೆ ಒಂದು ವಿಳಾಸ ಇರುತ್ತದೆ, ಬರೀ ಅಂಕಿಗಳು. ಅದು ಅವರ ಫೋನಿನಲ್ಲಿ ಉಳಿದಿತ್ತು, ಓದಿ ಅಂದೆ. ನಿನಗೆ ನೆನಪಿದೆಯಲ್ಲ, ಅಪ್ಪ ಮುದ್ರಣಾಲಯದಿಂದ ಕರಡು ಮನೆಗೆ ತಂದರೆ ನಾನು ಮೂಲ ಪ್ರತಿ ಹಿಡಿದು ಜೋರಾಗಿ ಓದಬೇಕಿತ್ತು, ಅಲ್ಪವಿರಾಮ, ಪೂರ್ಣವಿರಾಮ, ಒಂದನ್ನೂ ಬಿಡದೆ. ಅವರು ಪೆನ್ಸಿಲ್ ಹಿಡಿದು ತಿದ್ದುತ್ತಿದ್ದರು. ಅದೇ ಧಾಟಿಯಲ್ಲಿ ಅಪ್ಪ ಓದಿದರು. ನೂರಾ ತೊಂಬತ್ತೆರಡು, ಚುಕ್ಕಿ, ನೂರಾ ಅರವತ್ತೆಂಟು, ಚುಕ್ಕಿ. ನಾನು ಬರೆದುಕೊಂಡು, ಸರಿ ನೋಡುವುದಕ್ಕೆ ಅದನ್ನೇ ತಿರುಗಿ ಓದಿ ಹೇಳಿದೆ. ಬಾಯಿಗೆ ಅದೇ ಧಾಟಿ ಬಂದುಬಿಟ್ಟಿತು, ಚುಕ್ಕಿ, ಚುಕ್ಕಿ ಅಂತ. ಅಪ್ಪ ಅದು ಸರಿ ಅನ್ನಲೂ ಇಲ್ಲ, ತಪ್ಪು ಅನ್ನಲೂ ಇಲ್ಲ. ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀಯಮ್ಮ ಅಂತ ಕೇಳಿದರು. ಎಂಟು ವರ್ಷ ಸಾರ್ ಅಂದೆ. ಗಂಟಲು ನೋವಾಗುತ್ತಿರಬೇಕು ಅಂದರು.

ಶುಕ್ರವಾರ ಎಲ್ಲ ಹೊಂದಿಸಿ ಮತ್ತೆ ಫೋನ್ ಮಾಡಿದೆ. ಅಲ್ಲಿಗೆ ಸುಮ್ಮನಿರಬೇಕಿತ್ತು. ಸುಮ್ಮನಿರದೆ, ಮನೆಯಲ್ಲಿ ಯಾರೂ ಇಲ್ಲ ಅಂತೀರಿ, ಬೀಗ ಹಾಕಿದ ಬಾಗಿಲನ್ನು ಇಲ್ಲಿಂದ ಯಾಕೆ ನೋಡಬೇಕು ಸಾರ್ ಅಂತ ಕೇಳಿದೆ. ನನ್ನ ಚಿಕ್ಕ ಮಗಳು ಬಂದರೂ ಬರಬಹುದಮ್ಮ, ಬೀಗ ನೋಡಿ ತಿರುಗಿ ಹೋಗಿಬಿಟ್ಟರೆ ಏನು ಮಾಡಲಿ, ಆ ಕ್ಯಾಮೆರಾದಲ್ಲಿ ಸ್ಪೀಕರ್ ಇದೆ, ಇಲ್ಲಿಂದಲೇ ಮಾತಾಡಬಹುದಂತೆ ಅಂದರು. ಆಮೇಲೆ ತಾವಾಗಿಯೇ, ಬರಬೇಡ ಅಂದವನು ನಾನೇ ಅಂದರು.

ಅಮ್ಮ ಹೋದ ದಿನ ಅಪ್ಪ ನನಗೆ ಹನ್ನೊಂದು ಸಲ ಫೋನ್ ಮಾಡಿದ್ದರು. ಪಾಳಿಯ ಹೊತ್ತಿಗೆ ನಮ್ಮ ಫೋನೆಲ್ಲ ಲಾಕರಿನಲ್ಲಿ ಇಡಬೇಕು ಅಂತ ಅವತ್ತು ಎಷ್ಟು ಹೇಳಿದರೂ ಅವರ ಕಿವಿಗೆ ಹೋಗಲಿಲ್ಲ. ಊರಿನವರ ಫೋನೆಲ್ಲ ಎತ್ತುತ್ತೀಯ, ಮನೆಯವರದ್ದು ಎತ್ತೋದಿಲ್ಲ, ಇನ್ನು ಈ ಹೊಸ್ತಿಲು ತುಳಿಯಬೇಡ ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ನಾನೂ ತುಳಿಯಲಿಲ್ಲ. ತಾಯಿಯಂತೆ ಮಗಳು ಅನ್ನುತ್ತಾರೆ, ನಾನು ಮಾತ್ರ ಅಪ್ಪನ ಪಡಿಯಚ್ಚು. ಏಳು ವರ್ಷ ಇಬ್ಬರೂ ಕೂತಲ್ಲಿಂದ ಅಲ್ಲಾಡಲಿಲ್ಲ.

ಬರಬೇಡ ಅಂದವನು ನಾನೇ ಅಂತ ಅಪ್ಪ ಅಂದಾಗ ನಾನೂ ಬಾಯಿ ಬಿಡಬಹುದಿತ್ತು. ನಾನೇ ಅಪ್ಪ ಅಂತ ಎರಡು ಮಾತು ಸಾಕಿತ್ತು. ಹೇಳಲಿಲ್ಲ. ಎಲ್ಲ ಸರಿಯಾಗಿದೆ ಸಾರ್, ಸ್ವಲ್ಪ ಹೊತ್ತು ಬಿಟ್ಟು ನೋಡಿ, ಕಾಣಿಸುತ್ತೆ ಅಂದು ಕರೆ ಮುಗಿಸಿದೆ. ದೂರು ಬಗೆಹರಿದಿದೆ ಅಂತ ಗುಂಡಿ ಒತ್ತಿ ಬಾತ್‌ರೂಮಿಗೆ ಹೋಗಿ ಅತ್ತೆ. ಈಗ ನಮ್ಮ ನಿಯಮ ಕೇಳು. ಗ್ರಾಹಕರು ಹೊರಗಿದ್ದುಕೊಂಡು ತೆರೆದು ನೋಡಿ, ಕಾಣಿಸ್ತಿದೆ ಅಂತ ತಮ್ಮ ಬಾಯಲ್ಲಿ ಹೇಳುವವರೆಗೆ ದೂರು ಮುಚ್ಚಬಾರದು. ಹೊಸದಾಗಿ ಸೇರಿದವರಿಗೆ ಈ ಪಾಠ ಹೇಳುವವಳೇ ನಾನು. ಹೇಳುವುದು ಒಂದು, ಮಾಡುವುದು ಇನ್ನೊಂದು.

ಇನ್ನು ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಭಾನುವಾರ ನನಗೆ ರಜೆ. ತಲೆ ಬಾಚಿಕೊಂಡು, ನೀನು ಕೊಟ್ಟ ನೀಲಿ ಬಟ್ಟೆ ಹಾಕಿಕೊಂಡು, ಬಸ್ಸು ಹತ್ತಿ ಹೋದೆ. ಆಸ್ಪತ್ರೆಗಲ್ಲ ಅಕ್ಕ, ಮನೆಗೆ. ಬೀಗ ಹಾಕಿದ ಮನೆಗೆ. ಬಸ್ಸು ಆಸ್ಪತ್ರೆಯ ಮುಂದೆಯೇ ನಿಂತು ಹೋಗುತ್ತದೆ, ನಾನು ಇಳಿಯಲಿಲ್ಲ. ಯಾಕೆ ಅಂತ ಕೇಳಬೇಡ, ಹೇಳಿಯೇಬಿಡುತ್ತೇನೆ. ಮೊದಲು ಅಪ್ಪ ಮಾತಾಡಬೇಕು ಅಂತ ನನ್ನ ಆಸೆ. ನಾನು ಬಾಗಿಲಲ್ಲಿ ನಿಂತಿರಬೇಕು, ಅವರು ನೋಡಿ ಆ ಸ್ಪೀಕರಿನಲ್ಲಿ ಬಂದೆಯಾ ಅನ್ನಬೇಕು, ಆಮೇಲೆ ಆಸ್ಪತ್ರೆಗೆ ಓಡಬೇಕು. ಬಾ ಅನ್ನುವ ಒಂದು ಮಾತಿಗೆ ಏಳು ವರ್ಷ ಕಾದವಳಿಗೆ ಬಿಟ್ಟಿಯಾಗಿ ಸೋಲುವುದಕ್ಕೆ ಮನಸ್ಸು ಬರಲಿಲ್ಲ.

ನಾಲ್ಕೂವರೆಗೆ ಮೆಟ್ಟಿಲ ಮೇಲೆ ನಿಂತೆ. ಪಕ್ಕದ ಟೈಲರ್ ಅಂಗಡಿ ಮುಚ್ಚಿತ್ತು, ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಬಾಗಿಲ ಮೇಲೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಅಪ್ಪಾ, ನಾನು ಬಂದಿದ್ದೀನಿ ಅಂದೆ. ಕಾದೆ. ಕುಂಡದ ಗಿಡ ಒಣಗಿತ್ತು, ಬಾಟಲಿಯಲ್ಲಿದ್ದ ನೀರು ಹಾಕಿದೆ, ಅದೂ ಅವರು ನೋಡಲಿ ಅಂತಲೇ. ಮತ್ತೆ ಕರೆದೆ. ಆವತ್ತು ಅಮ್ಮನ ಹತ್ತಿರ ನಾನಿರಬೇಕಿತ್ತು, ತಪ್ಪಾಯಿತು ಅಂತ ಆ ಗಾಜಿನ ಕಣ್ಣಿಗೆ ಹೇಳಿದೆ. ನಿನಗೂ ಇದುವರೆಗೆ ಹೇಳದಿದ್ದ ಮಾತು ಅದು. ಸ್ಪೀಕರಿನಲ್ಲಿ ಒಂದು ಉಸಿರೂ ಇಲ್ಲ. ಒಂದು ಗಂಟೆ ನಿಂತೆ. ಕಾಲು ನೋಯತೊಡಗಿತು, ಕಾಲಿನಿಂದ ಸಿಟ್ಟು ತಲೆಗೇರಿತು. ನೋಡುತ್ತಾ ಕೂತಿದ್ದಾರೆ, ಬೇಕೆಂದೇ ಬಾಯಿ ಬಿಡುತ್ತಿಲ್ಲ ಅನ್ನಿಸಿತು. ನೋಡ್ತಾ ಇದ್ದೀರಿ ಅಂತ ನನಗೆ ಗೊತ್ತು, ಮಾತಾಡೋಕೆ ಇಷ್ಟ ಇಲ್ಲದಿದ್ದರೆ ಬೇಡ ಬಿಡಿ, ನನಗೂ ಬೇಡ ಅಂತ ಕ್ಯಾಮೆರಾಕ್ಕೆ ಹೇಳಿ ಹೊರಟುಬಂದೆ. ವಾಪಸ್ ಬರುವಾಗಲೂ ಬಸ್ಸು ಆಸ್ಪತ್ರೆಯ ಮುಂದೆ ನಿಂತಿತು. ನಾಲ್ಕನೇ ಮಹಡಿಯ ಕಿಟಕಿಗಳಲ್ಲಿ ದೀಪ ಹಚ್ಚುತ್ತಿದ್ದರು. ನಾನು ಮುಖ ಈ ಕಡೆ ತಿರುಗಿಸಿ ಕೂತೆ.

ಸೋಮವಾರ ಬೆಳಿಗ್ಗೆ ನಿನ್ನ ಫೋನು ಬಂತು.

ನಿನ್ನ ಬಾಯಿಂದ ಆ ಸುತ್ತುವ ಚಕ್ರದ ಮಾತು ಕೇಳಿದ ಮರುದಿನವೇ ಕೆಲಸಕ್ಕೆ ಹೋಗಿ ಅಪ್ಪನ ದೂರು ತೆರೆದು ನೋಡಿದೆ. ಐದು ಸೆಕೆಂಡಿನಲ್ಲಿ ತಪ್ಪು ಸಿಕ್ಕಿತು. ಕಂಪನಿಯವರು ಒಂದೇ ಹೊರ ವಿಳಾಸವನ್ನು ನೂರಾರು ಮನೆಗಳಿಗೆ ಹಂಚಿರುತ್ತಾರೆ. ಒಳಗಿಂದ ಹೋಗುವವರಿಗೆ ಅದರಿಂದ ತೊಂದರೆ ಇಲ್ಲ, ಹೊರಗಿಂದ ಬರುವುದು ಮಾತ್ರ ಯಾವ ಮನೆಗೆ ಅಂತ ತಿಳಿಯದೆ ದಾರಿಯಲ್ಲೇ ಬಿದ್ದುಹೋಗುತ್ತದೆ. ರೌಟರಿನಲ್ಲಿ ನಾನು ಮಾಡಿದ್ದೆಲ್ಲ ಸರಿಯಿತ್ತು, ಆದರೆ ಅಪ್ಪ ಫೋನಿನಲ್ಲಿ ಒತ್ತಿದ್ದು ಆ ರೌಟರಿನ ತನಕ ಬರಲೇ ಇಲ್ಲ. ಅವರ ಮನೆಗೆ ಸ್ವಂತ ವಿಳಾಸ ಬೇಕು ಅಂತ ಮೇಲಿನ ವಿಭಾಗಕ್ಕೆ ಒಂದು ಸಾಲು ಬರೆದಿದ್ದರೆ ಶನಿವಾರ ಸಂಜೆಯೊಳಗೆ ಆಗುತ್ತಿತ್ತು. ಶುಕ್ರವಾರ ಎರಡು ನಿಮಿಷ ಲೈನಿನಲ್ಲಿ ಉಳಿದು, ಈಗ ತೆರೆದು ನೋಡಿ ಸಾರ್ ಅಂದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನಾನು ಅಳುವುದಕ್ಕೆ ಎದ್ದು ಹೋಗಿದ್ದೆ.

ನಾಲ್ಕೂವರೆಯಿಂದ ಐದೂವರೆಯ ತನಕ ನಾನು ಬಾಗಿಲಲ್ಲಿ ನಿಂತು ಅವರು ಮಾತಾಡಲಿ ಅಂತ ಕಾದೆ, ಅವರು ಮಂಚದ ಮೇಲೆ ಮಲಗಿ ಬಾಗಿಲು ಕಾಣಲಿ ಅಂತ ಕಾದರು. ಇಬ್ಬರ ನಡುವೆ ಇದ್ದದ್ದು ಹದಿನೈದು ನಿಮಿಷದ ಬಸ್ಸು. ಮಿಂಚಿಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ ಅಂತ ನೀನು ಎಲ್ಲರಿಗೂ ಹೇಳುತ್ತೀಯ. ನನಗೆ ಮಾತ್ರ ಹೇಳಬೇಡ.

ನಂಬಿಕೆ ಬರದಿದ್ದರೆ ಮನೆಗೆ ಹೋದಾಗ ರೆಕಾರ್ಡರಿನಲ್ಲಿ ಭಾನುವಾರದ್ದು ಹಾಕಿ ನೋಡು. ನಾನು ಇರುತ್ತೇನೆ, ನೀಲಿ ಬಟ್ಟೆಯಲ್ಲಿ. ಕೊನೆಯ ಎರಡು ನಿಮಿಷ ನೋಡಬೇಡ.

ಬೈಯುವುದಾದರೆ ಬಂದು ಬೈಯಿ, ಪತ್ರದಲ್ಲಿ ಬೈಯಬೇಡ. ನೀನೂ ನನ್ನ ಹಾಗೆ ಮೊದಲು ಅವಳು ಬರಲಿ ಅಂತ ಕೂರಬೇಡ. ನಾನೂ ಕೂರುವುದಿಲ್ಲ. ಈ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ನಿಮ್ಮ ಮನೆಗೆ ಬರುತ್ತೇನೆ. ಭಾವನಿಗೆ ಹೇಳಿರು. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು.

ಇಂತಿ ನಿನ್ನ ತಂಗಿ, ಮನೆಮಂದಿಯೆಲ್ಲ ಕರೆಯುತ್ತಿದ್ದ ಹೆಸರೇ ಸರಿ,
ಮೊಂಡಿ

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ನಮ್ಮ ಮೇಲ್ವಿಚಾರಕಿಯ ಹತ್ತಿರ ಹೋಗಿ, ಈ ದೂರಿನಲ್ಲಿ ತಪ್ಪು ನನ್ನದು, ನನ್ನ ಮೇಲೆ ಬರೆದುಕೊಳ್ಳಿ ಅಂದೆ. ಅವರು ಕಡತ ತೆರೆದು ನೋಡಿ, ಬರೆದುಕೊಳ್ಳಲು ಆಗುವುದಿಲ್ಲ, ಗ್ರಾಹಕರೇ ಉತ್ತರ ಕೊಟ್ಟಿದ್ದಾರಲ್ಲ ಅಂದರು. ದೂರು ಮುಚ್ಚಿದ ಮೇಲೆ ಕಂಪನಿಯಿಂದ ಎಲ್ಲರಿಗೂ ಒಂದು ಸಂದೇಶ ಹೋಗುತ್ತದೆ, ಕೆಲಸ ಆಯಿತೇ, ಎಷ್ಟು ಅಂಕ ಕೊಡುತ್ತೀರಿ ಅಂತ. ಅದಕ್ಕೆ ಬಂದ ಉತ್ತರ ನಮಗೆ ಕಾಣುವುದಿಲ್ಲ, ಮೇಲ್ವಿಚಾರಕರಿಗೆ ಮಾತ್ರ. ಮತ್ತೆ ಫೋನ್ ಮಾಡಿ ಜಗಳ ಆಡಿ ಅಂತ ನೀನು ಎಷ್ಟು ಹೇಳಿದರೂ ಅಪ್ಪ ಬೇಡ ಅಂದರಂತಲ್ಲ, ಮದುವೆಯ ಕರೆಯೋಲೆಯಲ್ಲೂ ತಪ್ಪು ಹುಡುಕಿ ಗೆರೆ ಎಳೆಯುತ್ತಿದ್ದ ನಮ್ಮಪ್ಪ. ಭಾನುವಾರ ಸಂಜೆ ಆರೂ ಹತ್ತಕ್ಕೆ ಅವರು ಆ ಸಂದೇಶಕ್ಕೆ ಉತ್ತರ ಕಳಿಸಿದ್ದಾರೆ. ಐದಕ್ಕೆ ಐದು ಅಂಕ. ಕೆಳಗೆ ಬರೆದಿದ್ದಾರೆ: ಎಲ್ಲವೂ ಚೆನ್ನಾಗಿ ಕಾಣಿಸುತ್ತಿದೆ. ಹುಡುಗಿಯದು ಏನೂ ತಪ್ಪಿಲ್ಲ. ಅವಳನ್ನು ಯಾರೂ ಬೈಯಬೇಡಿ.