ಮಹಡಿ ಮಂಚದ ವಯಸ್ಸು

ಅಕ್ಕಿಹೆಬ್ಬಾಳು
7-2-1996, ಬುಧವಾರ

ನಮ್ಮ ಮನೆಯವರಿಗೆ, ಪವಿತ್ರ ಮಾಡುವ ನಮಸ್ಕಾರಗಳು.

ಮೊದಲು ನನ್ನ ಅಕ್ಷರಕ್ಕೆ ಬೇಸರ ಮಾಡಿಕೊಳ್ಳಬೇಡಿ. ಐದನೇ ಕ್ಲಾಸು ಬಿಟ್ಟ ಮೇಲೆ ನಾನು ಬರೆದದ್ದು ಅಂಗಡಿ ಸಾಮಾನಿನ ಚೀಟಿ ಮಾತ್ರ. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ನನಗೇ ತಿಳಿಯುವುದಿಲ್ಲ. ಅದರ ಜೊತೆಗೆ ರಮ್ಯ ತೊಡೆಯ ಮೇಲೆ ಕೂತು ಮೊಣಕೈ ಅಲ್ಲಾಡಿಸುತ್ತಿದ್ದಾಳೆ. ಗೆರೆ ಎಲ್ಲಿ ಓಡಿಹೋಗಿದೆಯೋ ಅಲ್ಲಿ ಅವಳ ಕೈ ಸೇರಿದೆ ಎಂದು ತಿಳಿಯಿರಿ. ಮದುವೆಯಾದ ಏಳು ವರ್ಷದಲ್ಲಿ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೂ ಗೊತ್ತು. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ.

ಅಪ್ಪು ಚೆನ್ನಾಗಿದ್ದಾನೆ. ಮಂಚದಿಂದ ಬಿದ್ದು ಇವತ್ತಿಗೆ ಹದಿನೇಳು ದಿನ. ಕೈಗೆ ಹಾಕಿರುವ ಪಟ್ಟಿಯೊಳಗೆ ಕೆರೆತ ಎಂದು ಹಟ ಮಾಡುತ್ತಾನೆ, ಅದು ಬಿಟ್ಟರೆ ನೋವಿಲ್ಲ. ಎಡಗೈಯಲ್ಲಿ ಉಣ್ಣಲು ಬಿಡಬಾರದೆಂದು ಇಲ್ಲಿ ನಮ್ಮವ್ವ ತಾನೇ ತುತ್ತು ಕೊಡುತ್ತಾಳೆ. ಪಟ್ಟಿ ಬಿಚ್ಚುವುದಕ್ಕೆ ಇನ್ನೂ ಎರಡು ವಾರ ಇದೆ.

ಸೋಮವಾರ ನಿಮ್ಮ ತಮ್ಮ ಚಲುವರಾಜು ಬಂದಿದ್ದ. ಎರಡು ಮುದ್ದೆ ಉಂಡು, ಕೈ ತೊಳೆಯುತ್ತ ನೀವು ಹೇಳಿ ಕಳಿಸಿದ್ದನ್ನು ಹೇಳಿದ. “ಅತ್ಗೆ, ಅಣ್ಣ ಭಾನ್ವಾರ ಬತ್ತಾನಂತೆ, ಬಟ್ಟೆ ಕಟ್ಕಂಡು ರೆಡಿಯಾಗಿರ್ಬೇಕಂತೆ. ಅವತ್ತೇ ಅಪ್ಪುನ ಮಂಚದ ಮ್ಯಾಲೆ ಮಲಗಿಸ್ಬೇಕಂತೆ. ಒಂದ್ಸಲ ಬಿದ್ದೋನು ಇನ್ನೊಂದ್ಸಲ ಬೀಳಾಕಿಲ್ವಂತೆ. ತಡ ಮಾಡುದ್ರೆ ಭಯ ಒಳಿಕ್ಕೆ ಕೂತ್ಕತದಂತೆ.” ಇಷ್ಟು ಹೇಳಿ ನಾಲ್ಕು ಗಂಟೆಯ ಬಸ್ಸಿಗೆ ಕೆ.ಆರ್. ಪೇಟೆಗೆ ಹೊರಟುಹೋದ. ನಾನು ಎಂದಿನಂತೆ ಆಗಲಿ ಎಂದು ತಲೆಯಾಡಿಸಿದೆ. ಅವನ ಬಸ್ಸು ಹೋದ ಮೇಲೆ, ಹಾಗೆ ತಲೆಯಾಡಿಸಬಾರದಿತ್ತು ಎನ್ನಿಸಿತು. ಅದಕ್ಕೇ ಈ ಕಾಗದ. ಭಾನುವಾರ ನೀವು ಬಸ್ಸು ಹತ್ತುವ ಮುಂಚೆ ಇದನ್ನು ಓದಿರಬೇಕು.

ಮಂಚ ಬೇಡ ಎಂದು ನಾನು ಯಾವತ್ತೂ ಹೇಳಿಲ್ಲ. ಪಾಂಡವಪುರದ ಆ ಬಾಡಿಗೆ ಮನೆಯಲ್ಲಿ ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ನಾಲ್ಕು ಜನ ಚಾಪೆ ಹಾಸಿದರೆ ಬಾಗಿಲು ತೆಗೆಯಲು ಒಬ್ಬರು ಏಳಬೇಕು. ನಾಗಮಂಗಲದ ಯಾವುದೋ ಹಾಸ್ಟೆಲಿಗೆ ನಿಮ್ಮ ವೆಲ್ಡಿಂಗ್ ಶಾಪಿನಲ್ಲಿ ಮೇಲೊಂದು ಕೆಳಗೊಂದು ಮಂಚ ಮಾಡಿಕೊಟ್ಟು ಬಂದಾಗ ನಿಮ್ಮ ಮುಖ ಹೇಗಿತ್ತೆಂದು ನನಗೆ ನೆನಪಿದೆ. ಉಳಿದ ಪೈಪಿನಲ್ಲಿ ನಮ್ಮ ಮಕ್ಕಳಿಗೂ ಒಂದು ಮಾಡುತ್ತೇನೆ ಎಂದಿರಿ. ಕೆಲಸ ಮುಗಿದ ಮೇಲೆ ಒಂದು ತಿಂಗಳು ಶಾಪಿನಲ್ಲೇ ನಿಂತು ಮಾಡಿದಿರಿ, ನೀಲಿ ಬಣ್ಣ ಹೊಡೆದಿರಿ. ಹಾಸ್ಟೆಲಿನ ಮಂಚಕ್ಕೆ ಇಲ್ಲದ ಕಂಬಿಯನ್ನು ನಮ್ಮದರ ಮೇಲಂತಸ್ತಿನ ಪಕ್ಕಕ್ಕೆ, ತಲೆಯ ಕಡೆ ಅರ್ಧದವರೆಗೆ ಹಾಕಿ, ಉಳಿದರ್ಧ ಏಣಿಗೆ ಬಿಟ್ಟಿರಿ. ಅದೆಲ್ಲ ನಾನು ಕಂಡಿದ್ದೇನೆ. ಟೆಂಪೋದಿಂದ ಇಳಿಸುವಾಗ ಪಕ್ಕದ ಮನೆ ಪುಟ್ಟಲಕ್ಷ್ಮಮ್ಮನವರು, “ಲೋಕೇಶಪ್ಪ, ಮಹಡಿ ಮನೆ ಕಟ್ಸಕ್ಕೆ ಮುಂಚೆ ಮಹಡಿ ಮಂಚ ಕಟ್ಸ್ಬುಟ್ರಲ್ಲ” ಎಂದು ನಕ್ಕಾಗ ನಾನೂ ಬಾಯಿಗೆ ಸೆರಗು ಮುಚ್ಚಿ ನಕ್ಕೆ.

ಆದರೆ ಆ ಹಾಸ್ಟೆಲಿನ ಮಕ್ಕಳು ಯಾರು? ಮೀಸೆ ಚಿಗುರುತ್ತಿರುವ ಹೈಸ್ಕೂಲು ಹುಡುಗರು. ನಮ್ಮ ಅಪ್ಪುವಿಗೆ ಐದು ತುಂಬಿ ಎರಡು ತಿಂಗಳು. ಅವರ ಅಳತೆಯ ಮಂಚದ ಮೇಲಂತಸ್ತು ನಿಮ್ಮ ಎದೆಗೆ ಬರುತ್ತದೆ, ನನ್ನ ಮೂಗಿಗೆ ಬರುತ್ತದೆ.

ವಯಸ್ಸಿನ ಮಾತು ಬಂದಾಗ ನಿಮ್ಮವ್ವ ಏನು ಮಾಡಿದರು ಹೇಳಿ. ಮಂಚ ನೋಡಲೆಂದು ಕ್ಯಾತನಹಳ್ಳಿಯಿಂದ ಬಂದವರು ಚೀಲ ಇಳಿಸುವ ಮುಂಚೆಯೇ ಅಪ್ಪುವನ್ನು ಎದುರಿಗೆ ನಿಲ್ಲಿಸಿಕೊಂಡರು. “ಬಲಗೈ ತಲೆ ಮ್ಯಾಲಿಂದ ತಂದು ಎಡಗಿವಿ ಮುಟ್ಲಾ ಮಗ” ಎಂದರು. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಮಾಡುವ ಪರೀಕ್ಷೆ. ಅವನು ಕತ್ತು ವಾಲಿಸಿ, ನಾಲಗೆ ಕಚ್ಚಿಕೊಂಡು ಕಿವಿಯ ತುದಿ ಹಿಡಿದ. “ಸಿಕ್ತು ಕಣ್ಲಾ ಲೋಕೇಶ, ಹತ್ತಿಸ್ಲಾ ಮ್ಯಾಕ್ಕೆ” ಎಂದು ಅಲ್ಲೇ ತೀರ್ಮಾನ ಮಾಡಿದರು. ಕಿವಿ ಸಿಕ್ಕಿದರೆ ಸ್ಕೂಲಿಗೆ ಹೋಗಬಹುದು. ಅತ್ತೆಯವರಿಗೆ ಎದುರಾಡುತ್ತಿದ್ದೇನೆ ಎಂದುಕೊಳ್ಳಬೇಡಿ, ಕಿವಿಗೂ ಮಂಚಕ್ಕೂ ಏನು ಸಂಬಂಧ? ಸ್ಕೂಲಿನಲ್ಲಿ ಮಕ್ಕಳು ಎಚ್ಚರವಾಗಿರುತ್ತಾರೆ.

ನೀವೂ ಅಷ್ಟೆ. ಏಣಿ ಹತ್ತಿಸಿ, “ನೋಡಮ್ಮಿ, ಕೋತಿ ಹಂಗೆ ಹತ್ತಾನೆ” ಎಂದಿರಿ. ಹತ್ತುತ್ತಾನೆ. ನಾನೂ ನೋಡಿದೆ. ಇಳಿಯುವಾಗ ಪ್ರತಿ ಸಲ ನೀವೇ ಎತ್ತಿ ಇಳಿಸಿಕೊಂಡಿರಿ, ಅದನ್ನು ನೀವು ನೋಡಲಿಲ್ಲ.

ನನ್ನನ್ನು ಯಾರೂ ಕೇಳಲಿಲ್ಲ. ಐದು ವರ್ಷ ಆ ಮಗುವಿನ ಪಕ್ಕ ಮಲಗಿದವಳು ನಾನು. ಅವನ ನಿದ್ದೆ ನನಗೆ ಗೊತ್ತಿರುವಷ್ಟು ಯಾರಿಗೆ ಗೊತ್ತು? ತಲೆಯನ್ನು ಗೋಡೆಯ ಕಡೆ ಇಟ್ಟು ಮಲಗಿದವನು ಬೆಳಗಾಗುವಷ್ಟರಲ್ಲಿ ನನ್ನ ಹೊಟ್ಟೆಗೆ ಕಾಲು ಕೊಟ್ಟಿರುತ್ತಾನೆ. ಒಂದಕ್ಕೆ ಎದ್ದರೆ ಕಣ್ಣು ಬಿಡುವುದಿಲ್ಲ, ಕಾಲು ಹೋದ ಕಡೆ ನಡೆಯುತ್ತಾನೆ. ಹುಟ್ಟಿದಾಗಿನಿಂದ ಚಾಪೆಯಲ್ಲೇ ಮಲಗಿದ ಮಗು. ಚಾಪೆಯಿಂದ ಉರುಳಿದರೆ ಸಿಗುವುದು ನೆಲ. ಮಲಗುವ ಜಾಗಕ್ಕೆ ಅಂಚು ಎಂಬುದೊಂದು ಇರುತ್ತದೆ ಎಂದೇ ಅವನಿಗೆ ತಿಳಿಯದು. ಒಂದು ದಿನವೂ ಸಾದಾ ಮಂಚದ ಮೇಲೆ ಮಲಗಿಸದೆ ನೆಲದಿಂದ ನೇರವಾಗಿ ಮಹಡಿಗೆ ಏರಿಸಿದಿರಿ. ಇನ್ನೊಂದು ವರ್ಷ ಹೋಗಲಿ ಎಂದು ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದೆ. ನೀವು ನಟ್ಟು ಬಿಗಿ ಮಾಡುತ್ತ, “ಹಿಂಗೆ ಸೆರಗಿಗೆ ಕಟ್ಕಂಡ್ರೆ ಅವ್ನು ಗಂಡ್ಸಾಗೋದು ಯಾವಾಗ? ಸುಮ್ಕಿರಮ್ಮಿ” ಎಂದಿರಿ. ಅತ್ತೆಯವರು, “ಅವ್ಳ ಮಾತು ಕಟ್ಕಂಡ್ರೆ ಹಟ್ಟೀಲಿ ಕುರ್ಚಿನೂ ಹಾಕಂಗಿಲ್ಲ” ಎಂದು ನಿಮ್ಮನ್ನು ನಗಿಸಿದರು.

ಇನ್ನು ದಿಂಬಿನ ವಿಷಯ. ನೀವು ಮಂಚವನ್ನು ಗೋಡೆಗೆ ಸೇರಿಸಿದಾಗ ತಲೆಯ ಕಡೆ ಉತ್ತರಕ್ಕೆ ಬಂದಿತ್ತು. ಉತ್ತರಕ್ಕೆ ತಲೆ ಹಾಕಿ ಮಗುವನ್ನು ಮಲಗಿಸುವುದುಂಟೇ ಎಂದು ಅತ್ತೆಯವರು ಬೆಚ್ಚಿದರು. ನಾನೂ ಬೆಚ್ಚಿದೆ, ಅದರಲ್ಲಿ ನಮ್ಮಿಬ್ಬರದೂ ಒಂದೇ ಮನಸ್ಸು. ಮಂಚ ತಿರುಗಿಸಲು ಕೋಣೆಯಲ್ಲಿ ಜಾಗವಿಲ್ಲ. “ದಿಂಬು ಆ ಕಡಿಕ್ಕೆ ಹಾಕು, ಮುಗೀತಲ್ಲ” ಎಂದಿರಿ. ದಿಂಬನ್ನು ದಕ್ಷಿಣದ ತುದಿಗೆ ಇಟ್ಟೆವು. ದಿಕ್ಕು ಸರಿಯಾಯಿತು. ಆದರೆ ತಲೆಗೆಂದು ಹಾಕಿದ ಕಂಬಿ ಕಾಲಿನ ಕಡೆ ಹೋಯಿತು, ಏಣಿಗೆಂದು ಬಿಟ್ಟ ಕಿಂಡಿ ತಲೆಯ ಪಕ್ಕಕ್ಕೆ ಬಂತು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಶುಕ್ರವಾರ, ಶನಿವಾರ ರಾತ್ರಿ ಅಪ್ಪು ಮೇಲೆ ಮಲಗಲಾರೆನೆಂದು ಅತ್ತು ನನ್ನ ಚಾಪೆಗೆ ಬಂದ. ಭಾನುವಾರ ಮಧ್ಯಾಹ್ನ ನಿಮ್ಮ ಶಾಪಿನವರು ಮಂಚ ನೋಡಲು ಬರುತ್ತಾರೆಂದು, ಮಗು ಮಲಗಿರುವುದನ್ನೇ ತೋರಿಸಬೇಕೆಂದು, ಉಂಡ ಕೂಡಲೇ ಅವನನ್ನು ಮೇಲೆ ಮಲಗಿಸಿದಿರಿ. ಬಂದವರು ಮಂಚ ತಟ್ಟಿ ನೋಡಿದರು, ಕಾಫಿ ಕುಡಿದರು. ಅವರನ್ನು ಬೀದಿಯ ತನಕ ಬಿಡಲು ನೀವು ಹೋದಿರಿ. ನಾನು ಲೋಟ ತೊಳೆಯುತ್ತಿದ್ದೆ. ಅಪ್ಪು ಒಂದಕ್ಕೆಂದು ಎದ್ದು, ಚಾಪೆಯಿಂದ ಏಳುವ ಹಾಗೆಯೇ, ಪಕ್ಕಕ್ಕೆ ಕಾಲಿಟ್ಟ. ಆ ಶಬ್ದವನ್ನು ನಾನು ಬರೆಯಲಾರೆ. ನಿಮ್ಮವ್ವನಿಗೆ ಕಿವಿ ಮುಟ್ಟಿ ತೋರಿಸಿದ ಕೈಯೇ ಮುರಿಯಿತು.

ನೀವು ಚಪ್ಪಲಿಯೂ ಇಲ್ಲದೆ ಅವನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದನ್ನು ನಾನು ಮರೆತಿಲ್ಲ. ಅವತ್ತು ನಿಮ್ಮ ಮೇಲೆ ಒಂದು ಚೂರೂ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ಆಮೇಲೆ. ಮನೆಗೆ ಬಂದಾಗ ಅತ್ತೆಯವರು ಒಣಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿ, ಇದು ಪುಟ್ಟಲಕ್ಷ್ಮಮ್ಮನ ಕಣ್ಣೇ ಎಂದರು. ನೀವು ಹೂಂ ಎಂದಿರಿ. ಅವತ್ತಿನಿಂದ ಪಾಪ ಆ ಹೆಂಗಸಿನ ಜೊತೆ ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಆಸ್ಪತ್ರೆಗೆ ಬಿಸಿನೀರಿನ ಫ್ಲಾಸ್ಕು ತಂದುಕೊಟ್ಟವರು ಅವರೇ. ಮಗುವನ್ನು ಕೆಡವಿದ್ದು ಪಕ್ಕದ ಮನೆಯ ಕಣ್ಣಲ್ಲ, ನಮ್ಮ ಮನೆಯ ಕಿಂಡಿ. ಮೆಣಸಿನಕಾಯಿ ಸುಟ್ಟರೆ ಅದು ಮುಚ್ಚುತ್ತದೆಯೇ? ಆ ಘಾಟಿನಲ್ಲಿ ಕೆಮ್ಮುತ್ತ ಕೂತಿದ್ದಾಗಲೇ ಅವ್ವನ ಮನೆಗೆ ಬರಬೇಕೆಂದು ಮನಸ್ಸು ಮಾಡಿದೆ.

ಇಲ್ಲಿಯೂ ನನ್ನ ಕಡೆ ಯಾರೂ ಇಲ್ಲ. “ಗಂಡ ಕುಡ್ದ ಅಂತ ಬಂದೋರ್ನ ಕಂಡಿವ್ನಿ, ಹೊಡ್ದ ಅಂತ ಬಂದೋರ್ನ ಕಂಡಿವ್ನಿ. ಮಂಚ ಮಾಡ್ಸ್ದ ಅಂತ ತೌರ್ಗೆ ಬಂದೋಳು ನೀನೊಬ್ಳೆ ಕಣವ್ವ” ಎನ್ನುತ್ತಾಳೆ ಅವ್ವ.

ಭಾನುವಾರ ನೀವು ಬನ್ನಿ. ನಾನು ಬರುವುದಿಲ್ಲ ಎನ್ನುತ್ತಿಲ್ಲ. ಮಂಚ ಬಿಚ್ಚಿ ಎಂದೂ ಹೇಳುತ್ತಿಲ್ಲ. ಆದರೆ ಬರುವ ಮುಂಚೆ ಕಂಬಿಯನ್ನು ಉದ್ದಕ್ಕೂ ಹಾಕಿರಬೇಕು, ಏಣಿಯ ಕಿಂಡಿಗೆ ಚಿಲಕದ ಬಾಗಿಲಿನಂಥದ್ದೊಂದು ಇರಬೇಕು. ಅಷ್ಟಾದರೂ ಅಪ್ಪು ಈಗ ಮೇಲೆ ಹತ್ತುವುದಿಲ್ಲ. ಒಂದು ವರ್ಷ ಅವನೂ ರಮ್ಯಳೂ ಕೆಳಗಿನದರಲ್ಲೇ ಮಲಗಲಿ. ಉರುಳಿದರೆ ಮೊಣಕಾಲಿನ ಎತ್ತರ, ಬೀಳುವ ಕಡೆ ನಾನು ಚಾಪೆ ಹಾಸಿ ಮಲಗಿರುತ್ತೇನೆ. ಅಂಚು ಎಂದರೇನೆಂದು ಅವನ ಮೈಗೆ ತಿಳಿಯಲಿ. ಮೇಲಿನದರಲ್ಲಿ ಅಲ್ಲಿಯವರೆಗೆ ಹಾಸಿಗೆ ಬಟ್ಟೆ ಇಡೋಣ. ನಿದ್ದೆಗಣ್ಣಿನಲ್ಲಿ ಎಬ್ಬಿಸಿದರೂ ಯಾರನ್ನೂ ಕರೆಯದೆ ಏಣಿ ಹುಡುಕಿ ತಾನೇ ಇಳಿದು ಬರುವುದನ್ನು ನಾನು ಕಣ್ಣಾರೆ ಕಂಡ ದಿನ, ಮೇಲೆ ಮಲಗಿಸಿ ಎಂದು ನಾನೇ ಹೇಳುತ್ತೇನೆ. ಅದು ಆರು ವರ್ಷಕ್ಕೋ ಏಳಕ್ಕೋ ನನಗೆ ಗೊತ್ತಿಲ್ಲ. ಕಿವಿ ಸಿಕ್ಕಿತು, ಕೋತಿಯ ಹಾಗೆ ಹತ್ತಿದ ಎಂಬುದೆಲ್ಲ ಬೇಡ. ಈ ಒಂದು ಮಾತಿನಲ್ಲಿ ನಾನು ಹೇಳಿದ್ದು ನಡೆಯಬೇಕು. ಇದಕ್ಕೆ ಒಪ್ಪಿಗೆಯಿದ್ದರೆ ಬನ್ನಿ. ಇಲ್ಲದಿದ್ದರೆ ಪಟ್ಟಿ ಬಿಚ್ಚಿದ ಮೇಲೂ ಮಕ್ಕಳು ಇಲ್ಲೇ ಇರುತ್ತಾರೆ. ಇದನ್ನು ನಿಮ್ಮ ಎದುರಿಗೂ ಹೇಳುತ್ತೇನೆ. ತೊದಲಿದರೂ ಹೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಜ್ಜಿಗೆ ಮೆಣಸಿನಕಾಯಿ ಮೇಲಿನ ಗೂಡಿನಲ್ಲಿದೆ.

ಇಂತಿ,
ನಿಮ್ಮ ಪವಿತ್ರ

ಇನ್ನೊಂದು ಮಾತು. ಇದು ಮರೆತುಹೋಗಿದ್ದಲ್ಲ, ಬರೆಯಲು ಹೆದರಿ ಬಿಟ್ಟದ್ದು. ಕಂಬಿ ಕಾಲಿನ ಕಡೆ ಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಶುಕ್ರವಾರ ಸಂಜೆ ಏಣಿಯ ಮೇಲೆ ನಿಂತು ದುಪ್ಪಟಿ ಸಿಕ್ಕಿಸುವಾಗಲೇ ನಾನು ಕಂಡೆ. ದಿಂಬಿನ ಪಕ್ಕ ಕೈ ಇಟ್ಟೆ, ಅಲ್ಲಿ ಏನೂ ಇರಲಿಲ್ಲ. ನೀವು ಕೆಳಗೇ ನಿಂತಿದ್ದಿರಿ. ಹೇಳಲಿಲ್ಲ. ಮತ್ತೆ ನಗುತ್ತೀರಿ ಎಂದು ಹೇಳಲಿಲ್ಲ. ಅಷ್ಟೇ ಆಗಿದ್ದರೆ ಈ ಸಾಲು ಬರೆಯುತ್ತಿರಲಿಲ್ಲ. ಒಂದು ಸಲ ಬೀಳಲಿ, ಆಗ ಇವರಿಗೆಲ್ಲ ಗೊತ್ತಾಗುತ್ತದೆ ಎಂದು ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂತು. ಹೆತ್ತವಳ ಮನಸ್ಸಿಗೆ ಬಂತು. ಅದಕ್ಕೆ ಪುಟ್ಟಲಕ್ಷ್ಮಮ್ಮನವರ ಜೊತೆ ಮಾತಾಡಿ, ಅವರದೇನೂ ತಪ್ಪಿಲ್ಲ. ನೀವು ನನ್ನನ್ನು ಏನಂದರೂ ಕೇಳುತ್ತೇನೆ. ಆದರೆ ಇನ್ನು ಮೇಲೆ ಕಂಡದ್ದನ್ನು ಬಾಯೊಳಗೇ ಇಟ್ಟುಕೊಳ್ಳುವುದಿಲ್ಲ.

ಇವತ್ತು ಬೆಳಿಗ್ಗೆ ಅಪ್ಪು ಒಂದೇ ಕೈಯಲ್ಲಿ ಹಿಡಿದುಕೊಂಡು ಎದುರು ಮನೆಯ ಎತ್ತಿನ ಗಾಡಿ ಹತ್ತಿದ್ದ. ಅಂಗಳದಿಂದಲೇ “ಇಳಿಯೋ ಕೆಳಿಕ್ಕೆ” ಎಂದು ಕೂಗಿದೆ. ನೀರು ಹೊತ್ತು ಹೋಗುತ್ತಿದ್ದ ಚಿಕ್ಕಬೋರಮ್ಮ ನಿಂತು, “ಈ ಹುಡ್ಗಿಗೆ ಗಂಟ್ಲದೆ ಅನ್ನೋದು ಇವತ್ತು ಗೊತ್ತಾಯ್ತು” ಎಂದಳು. ಹತ್ತಿರ ಹೋಗಿ ಎರಡೂ ಕೈ ಚಾಚಿ ನಿಂತೆ, ಮುಟ್ಟಲಿಲ್ಲ. ಅವನು ಅಳುತ್ತ, ಒಂದೊಂದೇ ಕಾಲು ಊರಿ, ತಾನೇ ಇಳಿದ.