ಲಕ್ಕಿ ಎಣ್ಣೆಯ ಒಂದು ಹನಿ

೧೪ ನವೆಂಬರ್, ಶುಕ್ರವಾರ. ಸದಲಗಾ.

ನನ್ನ ಕೂಸು ಆರೋಹಿಯ ಕತ್ತಿನ ಮಡಿಕೆಯಲ್ಲಿ ಎದ್ದ ಕೀವುಗುಳ್ಳೆಗಳು ಇವತ್ತೂ ಆರಲಿಲ್ಲ. ಡಾಕ್ಟರು ಮುಲಾಮು ಕೊಟ್ಟು ಎರಡೇ ದಿನ, ನನಗೇ ತಾಳ್ಮೆಯಿಲ್ಲ. ಮಧ್ಯಾಹ್ನ, ಎಂಎಸ್ಸಿಯಲ್ಲಿ ನಾನೇ ಭಟ್ಟಿ ಇಳಿಸಿದ ಲಕ್ಕಿ ಸೊಪ್ಪಿನ ಎಣ್ಣೆಯ ಸೀಸೆ ತೆಗೆದೆ. ಅದರಲ್ಲಿರುವ ರಾಸಾಯನಿಕಗಳ ಹೆಸರು, ಸಿನಿಯೋಲ್, ಕ್ಯಾರಿಯೋಫಿಲೀನ್, ಎಲ್ಲ ಇನ್ನೂ ಬಾಯಿಪಾಠ. ಆಗ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಒಂದು ಹನಿಯ ಸುತ್ತ ಕೀವಿನ ಬ್ಯಾಕ್ಟೀರಿಯಾ ಸತ್ತು, ಬಳೆಯಷ್ಟು ಜಾಗ ತಿಳಿಯಾಗಿತ್ತು.

ಅವಳಿಗೆ ಹಚ್ಚಲು ಬೆರಳಿಗೆ ಹನಿ ತೆಗೆದುಕೊಂಡಾಗ ಅತ್ತೆ ಕೈ ಹಿಡಿದರು.

"ಏನ ಬೇ ಅದು? ಮೂಗ ಸೀಳಾಕತ್ತೈತಿ!"

"ಲಕ್ಕಿ ಎಣ್ಣಿರಿ ಅತ್ತಿ. ಬಾಣಂತನದಾಗ ನೀವ ಎರದ್ರಲ್ಲ, ಅದ ಲಕ್ಕಿ."

"ನಾ ಹಂಡೆ ನೀರಿಗೆ ಒಂದ್ ಹಿಡಿ ಸೊಪ್ಪ ಹಾಕಿದ್ನಿ. ನಿನ್ನ ಸೀಸೆದಾಗ ಎಷ್ಟ್ ಸೊಪ್ಪ ಐತಿ, ಶಾಣೇಕಿ?"

ಮೂರು ಕಿಲೋ. ಆ ಹನಿಯನ್ನು ನನ್ನ ಮಣಿಕಟ್ಟಿಗೆ ಒರೆಸಿಕೊಂಡೆ. ಕೆಂಪಗಾಗಿ ಈಗಲೂ ಉರಿಯುತ್ತಿದೆ. ಆ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಇದ್ದವು, ಕೂಸಿನ ಚರ್ಮ ಇರಲಿಲ್ಲ. ಇಷ್ಟು ಓದಿಯೂ ಅದು ಹೊಳೆಯಲಿಲ್ಲವಲ್ಲ.

ಅತ್ತೆ ಬೈಯಲಿಲ್ಲ. ನನ್ನ ಕೈ ತೊಳೆದು ಕೊಬ್ಬರಿ ಎಣ್ಣೆ ಸವರಿ, "ನಿನಗೂ ಒಬ್ಬಾಕಿ ತಾಯಿ ಬೇಕ ನೋಡ" ಎಂದು ನಕ್ಕರು.

ಮುಲಾಮಿಗೆ ಇನ್ನೂ ಮೂರು ದಿನ ಕೊಡಬೇಕು. ಕೊಡುತ್ತೇನೆ. ಗುಳ್ಳೆ ಈಗಲೇ ನೋಡಬೇಕೆನಿಸುತ್ತಿದೆ, ಆದರೆ ಅವಳ ಕೋಣೆಯ ದೀಪ ಹಾಕಿದರೆ ಆರೋಹಿ ಎದ್ದುಬಿಡುತ್ತಾಳೆ. ಬೆಳಿಗ್ಗೆ ನೋಡುತ್ತೇನೆ.